ನಾನು ತಿದ್ದಿಸಿದ ಅಂಕ

ಅರಿವಳಿಕೆ ಕೊಡುವುದು ಮತ್ತು ಅದರ ಪಾಠ ಹೇಳುವುದು ನನ್ನ ಕೆಲಸ. ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ಧಾರವಾಡದಿಂದ ನಾಗಪುರಕ್ಕೆ ಬಂದ ಮೇಲೆ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿಗೆ ಸೇರಿಕೊಂಡೆ. ಅಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನೋಡುವುದನ್ನು ಕಲಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕೋಣೆಯಲ್ಲೊಂದು ರಬ್ಬರಿನ ಬೊಂಬೆ ಮಲಗಿರುತ್ತದೆ. ನಾವು ಗುಂಡಿ ಒತ್ತಿದಂತೆ ಅದರ ಉಸಿರು ನಿಲ್ಲುತ್ತದೆ, ನಾಡಿ ಬೀಳುತ್ತದೆ. ಕಿರಿಯ ವೈದ್ಯರು, ನರ್ಸುಗಳು ಓಡಿಬಂದು ಅದನ್ನು ಬದುಕಿಸಲು ಹೆಣಗುತ್ತಾರೆ. ವಿದ್ಯಾರ್ಥಿಗಳು ಗೋಡೆ ಪಕ್ಕ ನಿಂತು, ಆ ತಂಡ ಹೇಗೆ ಕೆಲಸ ಮಾಡಿತೆಂದು ಪ್ರತಿಯೊಂದಕ್ಕೂ ಐದರಲ್ಲಿ ಅಂಕ ಹಾಕಬೇಕು. ಮುಂದಾಳು ಯಾರೆಂದು ಎಲ್ಲರಿಗೂ ಗೊತ್ತಿತ್ತೇ? ಕೆಳಗಿನವರ ಮಾತಿಗೆ ಮೇಲಿನವರು ಕಿವಿಗೊಟ್ಟರೇ? ಹೀಗೆ.

ಹೆಚ್ಚಿನವರು ಕಣ್ಣುಮುಚ್ಚಿ ನಾಲ್ಕು, ಐದು ಕೊಟ್ಟುಬಿಡುತ್ತಿದ್ದರು. ನಾಳೆ ಅದೇ ಸೀನಿಯರ್‌ಗಳ ಕೈಕೆಳಗೆ ದುಡಿಯಬೇಕಲ್ಲ.

ಒಬ್ಬ ಹುಡುಗಿ ಮಾತ್ರ ಹಾಗಿರಲಿಲ್ಲ. ಅವಳ ಅಪ್ಪ ಗದಗಿನ ಕಡೆಯವರು, ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ನೌಕರಿ. ನಾಗಪುರದಲ್ಲೇ ಹುಟ್ಟಿ ಬೆಳೆದವಳಿಗೆ ಕನ್ನಡ ಓದಲು ಬಾರದು, ಮಾತು ಮಾತ್ರ ಅಪ್ಪನದೇ. ಒಂದು ದಿನ ತಂಡದ ಮುಂದಾಳು ನಮ್ಮ ವಿಭಾಗದ ಚುರುಕಾದ ಕಿರಿಯ ವೈದ್ಯ, ನನಗೆ ಅಚ್ಚುಮೆಚ್ಚಿನವನು. ಆಮ್ಲಜನಕ ಇಳಿಯುತ್ತಿದೆ ಎಂದು ನರ್ಸ್ ಎರಡು ಸಲ ಹೇಳಿದರೂ ಅವನು ತಲೆಯೆತ್ತಲಿಲ್ಲ. ಹೇಗೋ ಬೊಂಬೆ ಬದುಕಿತು.

ಅಂಕಗಳನ್ನು ತಂಡದ ಮುಂದೆ ಓದುವ ಮೊದಲು ನಾನೊಮ್ಮೆ ಹಾಳೆಗಳನ್ನು ನೋಡುತ್ತಿದ್ದೆ. ಕಿವಿಗೊಟ್ಟರೇ ಎಂಬಲ್ಲಿ ಆ ಹುಡುಗಿ ಒಂದು ಅಂಕ ಹಾಕಿದ್ದಳು. ಅವಳನ್ನು ಮೂಲೆಗೆ ಕರೆದೆ.

"ಒಂದು ಭಾಳ ಕಡಿಮಿ ಆತಲ್ಲ? ಪೇಶಂಟ್ ಉಳದೈತಿ."

"ಉಳದೈತ್ರಿ ಮೇಡಮ್. ಆದ್ರ ಸಿಸ್ಟರ್ ಹೇಳಿದ್ದು ಅವರು ಕೇಳಲೇ ಇಲ್ರಿ. ನಾ ಬರೋಬರ್ ನೋಡೀನಿ."

"ಇರಲಿ, ಮೂರು ಹಾಕು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಒಂದನ್ನು ಹೊಡೆದುಹಾಕಿ ಮೂರು ಬರೆದಳು. ಎಲ್ಲರೆದುರು ಅವನ ಮನಸ್ಸು ಮುರಿಯಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ತಿಂಗಳೂ ತುಂಬಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ, ನಾಗಪುರದ ಅಂಚಿನ ವಾಡಿಯ ಗೋದಾಮಿನಲ್ಲಿ ಚೀಲ ಹೊಲಿಯುವ ಹೆಂಗಸೊಬ್ಬಳ ಮೇಲೆ ಎತ್ತರಕ್ಕೆ ಪೇರಿಸಿದ ಚೀಲದ ಥಪ್ಪಿ ಕುಸಿದುಬಿದ್ದಿತ್ತು. ತರುವಾಗಲೇ ಎಚ್ಚರವಿರಲಿಲ್ಲ. ತುರ್ತು ವಿಭಾಗದಲ್ಲಿ ಅದೇ ಕಿರಿಯ ವೈದ್ಯ ಇದ್ದ, ಆ ಹುಡುಗಿಯೂ ಇದ್ದಳು. ಕರೆ ಬಂದು ನಾನು ಮೇಲಿನ ಮಹಡಿಯಿಂದ ಇಳಿದುಬರುವಷ್ಟರಲ್ಲಿ ಹೊತ್ತು ಮೀರಿತ್ತು. ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ ನಳಿಕೆ ಶ್ವಾಸನಾಳಕ್ಕಲ್ಲ, ಅನ್ನನಾಳಕ್ಕೆ ಹೋಗಿತ್ತು. ತೆಗೆದು ಸರಿಯಾಗಿ ಹಾಕಿದೆ. ನಿಂತ ಹೃದಯ ಮತ್ತೆ ಹೊಡೆದುಕೊಳ್ಳಲಿಲ್ಲ.

ನಡೆದದ್ದನ್ನು ಹುಡುಗಿ ಹೇಳಿದಳು. "ಸರ್, ಛಾತಿ ಹಲತ್ ನಾಹೀಯೇ," ಎದೆ ಏಳುತ್ತಿಲ್ಲ ಎಂದು ಸಿಸ್ಟರ್ ಮರಾಠಿಯಲ್ಲಿ ಎರಡು ಸಲ ಅಂದಿದ್ದಳಂತೆ. ಅವನು ಮಾನಿಟರ್ ಕೆಟ್ಟಿದೆ ಎಂದುಕೊಂಡು ಅದರ ತಂತಿಗಳನ್ನು ಜಗ್ಗುತ್ತಿದ್ದನಂತೆ.

"ನೀನರ ಹೇಳಬಾರದಾಗಿತ್ತ?" ಎಂದೆ.

"ಬಾಯಿ ತನಕ ಬಂದಿತ್ರಿ ಮೇಡಮ್. ಅವತ್ತಿನಂಗ ಇವತ್ತೂ ನಾನಽ ತಪ್ಪು ನೋಡಾಕತ್ತಿರಬೇಕು ಅನಿಸ್ತು."

ಹೊರಗೆ ಸತ್ತವಳ ಮಗಳು ಕಾಯುತ್ತಿದ್ದಳು. ಸದರ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಅಲ್ಲಿಂದಲೇ ಓಡಿಬಂದಿದ್ದಳು. ನಮ್ಮ ಕೈಲಾದದ್ದೆಲ್ಲ ಮಾಡಿದೆವು ಎಂದು ಹಿಂದಿಯಲ್ಲಿ ಹೇಳಿದೆ. ಅವಳು ನನಗೆ ಕೈ ಮುಗಿದಳು.

ಮರಣೋತ್ತರ ಪರೀಕ್ಷೆಯಲ್ಲಿ ಪಕ್ಕೆಲುಬು ಮುರಿದು ಶ್ವಾಸಕೋಶ ಹರಿದದ್ದು ಕಂಡಿತು. ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಸಹೋದ್ಯೋಗಿಗಳು ಅಂದರು. ನಿಜವಿದ್ದರೂ ಇದ್ದೀತು. ಆ ಮಾತನ್ನೇ ಹಿಡಿದುಕೊಂಡು ನಾಲ್ಕು ದಿನ ಕಳೆದೆ. ಐದನೆಯ ದಿನ ಸಾವಿನ ಕಾರಣ ವಿಚಾರಿಸುವ ಸಭೆಯಲ್ಲಿ ನಳಿಕೆಯ ವಿಷಯ ಹೇಳಿದೆ, ನಾನು ತಿದ್ದಿಸಿದ ಅಂಕದ ವಿಷಯವನ್ನೂ ಹೇಳಿದೆ. ವಿಭಾಗದ ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. "ಇದನ್ನ ಬರೆಯಲೇಬೇಕಾ?" ಎಂದರು. "ಬರೆಯಿರಿ" ಎಂದೆ.

ಆ ಕಿರಿಯ ವೈದ್ಯನನ್ನು ತುರ್ತು ವಿಭಾಗದಿಂದ ತೆಗೆದರು. ತರಬೇತಿಯನ್ನು ನನ್ನ ಕೈಯಿಂದ ತೆಗೆದರು. ಸಂಜೆ ಅವನು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಸೊರಗಿ ಹೋಗಿದ್ದ.

"ಮೇಡಮ್, ಅವತ್ತೇ ಒಂದು ಅಂತ ಓದಿದ್ದರೆ ನನಗೆ ಸಿಟ್ಟು ಬರ್ತಿತ್ತು," ಎಂದ. "ಅಷ್ಟೇ ಆಗ್ತಿತ್ತು."

ಸಭೆಯ ವರದಿ ಫೈಲು ಸೇರಿತು. ಸತ್ತವಳ ಮನೆಯವರಿಗೆ ತಿಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಮರುವಾರ ನಾನೇ ಸದರ್‌ಗೆ ಹೋದೆ. ಗಿರಾಕಿ ಎಂದುಕೊಂಡು ಮಗಳು ಬಟ್ಟೆಯ ಥಾನು ಬಿಡಿಸಿ ತೋರಿಸತೊಡಗಿದಳು. ಗುರುತು ಹತ್ತಿದ ಮೇಲೆ ಕೈ ನಿಂತಿತು. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ.

"ಅಮ್ಮನಿಗೆ ಗೊತ್ತಾಗ್ತಿತ್ತಾ, ಉಸಿರು ಸಿಗ್ತಿಲ್ಲ ಅಂತ?"

"ಇಲ್ಲ. ಎಚ್ಚರ ಇರಲಿಲ್ಲ."

"ಇದು ನಿಜವಾ? ಅಥವಾ ಇದನ್ನೂ ಸುಮ್ಮನೆ ಹೇಳ್ತಿದ್ದೀರಾ?"

ನಿಜವೆಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಬಟ್ಟೆ ಸುತ್ತುವ ಕಾಗದದ ತುಂಡು ಎಳೆದುಕೊಂಡು ಆ ವೈದ್ಯನ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ನನ್ನ ಹೆಸರು ಕೇಳಿದಳು. ಕನ್ನಡದ ಮನೆತನದ ಹೆಸರು ಅವಳಿಗೆ ಹೊಸದು, ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಹದಿನೈದು ದಿನಕ್ಕೆ ಅವಳ ದೂರು ಬಂತು. ವಿಚಾರಣೆ ಇನ್ನೂ ನಡೆಯುತ್ತಿದೆ. ಅಂದು ಒಂದು ಅಂಕ ಹಾಕಿದ್ದ ಹುಡುಗಿ ಕಂಡದ್ದನ್ನು ಕಂಡ ಹಾಗೆ ಹೇಳಿಬಂದಿದ್ದಾಳೆ. ನನ್ನ ಸರದಿ ಮುಂದಿನ ವಾರ.