ದೊರೆಯ ಮೀನಿಗೆ ನಾನು ಹಾಕಿದ ಬ್ರೇಕು

ಸಮುದ್ರವನ್ನು ನಾನು ಮೊದಲು ಕಂಡದ್ದೇ ಇನ್ನೊಬ್ಬರ ಮೀನಿನ ಹುಚ್ಚಿನಿಂದ. ಚಿನ್ನದ ಗಣಿಯ ಊರಿಗಾಂನಲ್ಲಿ ನಾನು ವೈಂಡರ್ ಡ್ರೈವರ್. ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕೇಜಿನ ಹಗ್ಗ ಸುತ್ತುವ ಎಂಜಿನ್ ನಡೆಸುವವನು. ಗಣಿಯ ಮೇಲಧಿಕಾರಿಯಾಗಿದ್ದ ನಮ್ಮ ಇಂಗ್ಲಿಷ್ ದೊರೆಗೆ ರಜ ಸಿಕ್ಕರೆ ಸಾಕು, ಮದ್ರಾಸಿಗೆ ಓಡಿ, ದೋಣಿ ಬಾಡಿಗೆಗೆ ಹಿಡಿದು, ಮಾರ್ಲಿನ್ ಎಂಬ ಆಳೆತ್ತರದ, ಈಟಿಮೂತಿಯ ಮೀನಿಗೆ ಗಾಳ ಹಾಕುವ ಶೋಕಿ. ಅವರ ಗಾಳದ ದಾರ ಸುತ್ತುವ ರಾಟೆಯ ಬ್ರೇಕು ಕೆಟ್ಟಾಗ ನಾನು ಚರ್ಮದ ವಾಷರು ಕತ್ತರಿಸಿ ಕೂರಿಸಿಕೊಟ್ಟಿದ್ದೆ. ಅಷ್ಟಕ್ಕೇ ಮೆಚ್ಚಿ ಮುಂದಿನ ಸಲ ನನ್ನನ್ನೂ ಹೊರಡಿಸಿದರು.

ನನಗಿಂತ ಅಣ್ಣನಿಗೇ ಸಂತೋಷ. ಅವನು ಕೆಳಗೆ ಬಂಡೆ ಕೊರೆಯುವವನು. ಎದೆಗೆ ದೂಳು ಹಿಡಿದು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ. ದೊರೆ ಒಂದು ಮಾತು ಹೇಳಿದರೆ ಅವನಿಗೆ ಗಣಿಯ ಹೊರಗೆ, ನೆಲದ ಮೇಲೆ ಕೆಲಸ ಸಿಗುತ್ತಿತ್ತು.

"ಮೀನು ಬಿದ್ದಾಗ ಕುಸಿಯಾಗಿರ್ತಾರೆ ಕಣ್ಲಾ, ಆಗ್ಲೇ ಕೇಳ್ಬುಡು," ಅಂದ.

ಮದ್ರಾಸಿನಲ್ಲಿ ದೋಣಿ ಹತ್ತಿದೆವು. ದಡ ಮರೆಯಾದ ಮೇಲೂ ಕೇಳಬೇಕಾದ ಮಾತೇ ಕಾಡಿತು. ದಿನಾ ನೂರಾರು ಜನರನ್ನು ಪಾತಾಳಕ್ಕೆ ಇಳಿಸುವ ನನಗೆ ಒಬ್ಬ ಮನುಷ್ಯನ ಮುಂದೆ ಬಾಯಿ ಬಿಡಲು ಧೈರ್ಯವಿರಲಿಲ್ಲ. ಮೊದಲ ದಿನ ಏನೂ ಬೀಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ದೊರೆ ಗಾಳದ ಕೋಲನ್ನು ನನ್ನ ಕೈಗೆ ಕೊಟ್ಟು ನೀರು ಕುಡಿಯಲು ತಿರುಗಿದರು. ಆಗಲೇ ಮೀನು ಹಿಡಿಯಿತು. ರಾಟೆ ಕಿರ್ರನೆ ಕೂಗುತ್ತಾ ದಾರ ಬಿಚ್ಚಿಕೊಂಡು ಓಡಿತು.

ಮೀನು ಸುಸ್ತಾಗುವ ತನಕ ಓಡಲು ಬಿಡಬೇಕೆಂದು ದೊರೆ ಬೆಳಗ್ಗೆಯೇ ಹೇಳಿದ್ದರು. ತಲೆಗೆ ಗೊತ್ತಿತ್ತು. ಆದರೆ ಹನ್ನೊಂದು ವರ್ಷ ಕೇಜಿನ ಹಗ್ಗ ಸುತ್ತುವ ಡ್ರಮ್ಮಿನ ಮುಂದೆ ಕೂತ ಕೈಗೆ, ಅಂಕೆ ಮೀರಿ ಬಿಚ್ಚಿಕೊಳ್ಳುವ ಹಗ್ಗವೆಂದರೆ ಕೇಜು ಬೀಳುತ್ತಿದೆ, ಒಳಗೆ ಜನ ಇದ್ದಾರೆ ಎಂದೇ ಅರ್ಥ. ಬ್ರೇಕನ್ನು ಕೊನೆವರೆಗೂ ಬಿಗಿದುಬಿಟ್ಟೆ. ದೂರದಲ್ಲಿ ನೀಲಿ ಬೆನ್ನಿನ ಮೀನು ಒಮ್ಮೆ ನೀರಿನಿಂದ ಮೇಲೆದ್ದಿತು. ದಾರ ಫಟ್ಟೆಂದು ಹರಿಯಿತು.

ದೊರೆ ನನ್ನ ಕೈಯಿಂದ ಕೋಲು ತೆಗೆದುಕೊಂಡರು. ಹರಿದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ವಾಪಸು ಬರುವಾಗ ಅವರು ಫಸ್ಟ್ ಕ್ಲಾಸು, ನಾನು ಥರ್ಡ್ ಕ್ಲಾಸು. ರೈಲು ನಿಂತಾಗಲೆಲ್ಲ ಇಳಿದು ಅವರ ಕಿಟಕಿಯ ತನಕ ಹೋಗಿ, ಕೇಳದೆ ಹಿಂತಿರುಗಿದೆ. ಈಗ ಬಾಯಿಬಿಟ್ಟರೆ ನನ್ನ ಕೆಲಸಕ್ಕೇ ಕುತ್ತು ಬಂದರೆ ಎಂಬ ಹೆದರಿಕೆ.

ಅಣ್ಣ ಬಾಗಿಲಲ್ಲೇ ಕಾದಿದ್ದ. "ಕೇಳ್ದೇನ್ಲಾ?"

"ಕೇಳ್ದೆ ಕಣಣ್ಣ. ನೋಡಾನ ಅಂದ್ರು."

ಆ ಸುಳ್ಳನ್ನು ನಂಬಿ ಅವನು ದಿನಾ ಗಣಿಗೆ ಇಳಿದ. ಇಳಿಸುತ್ತಿದ್ದವನು ನಾನೇ. ಕೇಜು ಇಳಿಸೆಂದು ಗಂಟೆ ಬಾರಿಸಿದಾಗಲೆಲ್ಲ ನಾಳೆ ಕೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಹೀಗೇ ನಾಲ್ಕು ತಿಂಗಳು ಕಳೆದವು. ದೊರೆ ಕೆಲಸ ಬಿಟ್ಟು ತಮ್ಮ ಸೀಮೆಗೆ, ಇಂಗ್ಲೆಂಡಿಗೆ ಹೊರಟೇಬಿಟ್ಟರು.

ಅವರಿಗೆ ಹಾರ ಹಾಕಲು ಬಂಗಾರಪೇಟೆ ಸ್ಟೇಷನ್ನಿಗೆ ಅಣ್ಣನೂ ಬಂದಿದ್ದ. ದೊರೆ ನನ್ನ ಕೈ ಕುಲುಕಿ, ಇಷ್ಟು ವರ್ಷದಲ್ಲಿ ತಮ್ಮ ಹತ್ತಿರ ಏನೂ ಕೇಳದವನು ನಾನೊಬ್ಬನೇ, ಕೇಳಿದ್ದರೆ ಇಲ್ಲವೆನ್ನುತ್ತಿರಲಿಲ್ಲ ಎಂದು ಹರುಕು ತಮಿಳಿನಲ್ಲಿ ಹೇಳಿ ನಕ್ಕರು. ನಮ್ಮ ಗಣಿಯಲ್ಲಿ ತಮಿಳು ತಿಳಿಯದವರು ಯಾರು? ಅಣ್ಣ ಪಕ್ಕದಲ್ಲೇ ನಿಂತಿದ್ದ.

ರೈಲು ಹೋದ ಮೇಲೆ ಅವನು ನನ್ನ ಮುಖ ನೋಡಲಿಲ್ಲ. ಕೆಮ್ಮು ನಿಲ್ಲುವ ತನಕ ಕಂಬ ಹಿಡಿದು ನಿಂತಿದ್ದು, "ನಡೀಲಾ, ಶಿಫ್ಟಿಗೆ ಒತ್ತಾಯ್ತು," ಅಂದ. "ನೀನೇ ಅಲ್ವಾ ನನ್ನ ಇಳಿಸ್ಬೇಕಾದೋನು."