ಆಷಾಢ ಕಳೆಯಲಿ ಎಂದು ಕಾದವರು

ಮೊನ್ನೆ ಮಗನ ಮೆಂಡರ್ ಕಳೆದುಹೋಗಿ, ಅವನ ಪೆನ್ಸಿಲನ್ನು ತರಕಾರಿ ಚಾಕುವಿನಲ್ಲೇ ಹೆರೆದುಕೊಟ್ಟೆ. ಸಿಪ್ಪೆಯ ಆ ಮರದ ವಾಸನೆ ಮೂಗಿಗೆ ಬಡಿಯಿತು... ಗಣಿತದ ಆಂಟಿ ಎದುರಿಗೆ ಬಂದು ಕೂತಂತಾಯಿತು.

ತೊಂಬತ್ತರ ದಶಕದ ಮಾತು, ನನಗಾಗ ಹತ್ತು ವರ್ಷ. ನಾವು ಲಂಡನ್ನಿನ ಅಂಚಿನ ಸಟನ್‌ನಲ್ಲಿದ್ದೆವು, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಆಂಟಿ ಕುಂದಾಪುರದ ಕಡೆಯವರು. ಊರಲ್ಲಿ ಹೈಸ್ಕೂಲಿಗೆ ಗಣಿತ ಕಲಿಸಿದವರು ಇಲ್ಲಿ ದೂರದ ಹೌನ್ಸ್ಲೋದಲ್ಲಿ ವಿಮಾನದ ಊಟದ ಟ್ರೇ ಜೋಡಿಸುತ್ತಿದ್ದರು. ಪ್ರತಿ ಶನಿವಾರ ಬಸ್ಸು ಬದಲಿಸುತ್ತಾ ಮಗಳೊಂದಿಗೆ ನಮ್ಮ ಅಡುಗೆಮನೆಗೆ ಬಂದು, ನಮ್ಮಿಬ್ಬರನ್ನೂ ಗ್ರಾಮರ್ ಸ್ಕೂಲಿನ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಫೀಸಿಲ್ಲದ ಸರ್ಕಾರಿ ಶಾಲೆ, ಆದರೆ ಪರೀಕ್ಷೆ ಗೆದ್ದವರಿಗಷ್ಟೇ ಸೀಟು. ಮಗಳಿಗೆ ಆ ಸೀಟು ಸಿಗಬೇಕು ಎನ್ನುವುದೊಂದೇ ಅವರ ಆಸೆ. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ. ಪೆನ್ಸಿಲ್ ಇಸಿದುಕೊಂಡು ಚೂಪಾಗಿ ಹೆರೆದು, "ಮತ್ತೊಂದ್ ಸಲ ಕಾಣ್" ಎಂದು ವಾಪಸು ಕೊಡುತ್ತಿದ್ದರು.

ಆ ಬೇಸಿಗೆಯಲ್ಲಿ ಆ ಗ್ರಾಮರ್ ಸ್ಕೂಲು ಪೋಷಕರ ಸಭೆ ಕರೆಯಿತು. ದೂರದವರು ಬಂದು ನಮ್ಮ ಮಕ್ಕಳ ಸೀಟು ಕಸಿಯುತ್ತಿದ್ದಾರೆ ಎಂದು ಒಬ್ಬ ಎದ್ದು ನಿಂತು ಹೇಳಿದನಂತೆ. ರೈಲಿನಲ್ಲಿ ಬರುವ ಬಿಳಿಯ ಮಕ್ಕಳ ಬಗ್ಗೆ ಯಾರೂ ತಕರಾರು ಎತ್ತಿದ್ದಿಲ್ಲ. ಅವನ ಕಣ್ಣು ಸೀರೆಯುಟ್ಟ ಆಂಟಿಯ ಮೇಲೇ ಇತ್ತು ಎಂದಳು ಅಮ್ಮ. ಆಂಟಿ ಜಗಳಕ್ಕೆ ಹೋಗಲಿಲ್ಲ. ಹತ್ತಿರದವರೇ ಬೇಕಾದರೆ ಹತ್ತಿರ ಬಂದರಾಯಿತು ಎಂದು ಜುಲೈನಲ್ಲಿ ನಮ್ಮ ಬೀದಿಯಲ್ಲೇ ಫ್ಲ್ಯಾಟ್ ಗೊತ್ತುಮಾಡಿದರು.

"ಆಷಾಢದಲ್ಲಿ ಹೊಸ ಮನೆಗೆ ಯಾರಾದ್ರೂ ಬರ್ತಾರಾ? ಮೂರು ವಾರ ತಡೀರಿ" ಎಂದಳು ಅಮ್ಮ.

ಆಂಟಿ ನಕ್ಕರು. "ನಂಗೆ ಅದೆಲ್ಲ ನಂಬಿಕೆ ಇಲ್ಲೆ. ಆರೆ ಮಗಳ ಸೀಟಿನ ವಿಷ್ಯ, ಎಂತಕ್ಕೆ ರಿಸ್ಕ್..."

ಆಗಸ್ಟಿನಲ್ಲಿ ಹಾಲುಕ್ಕಿಸಿ ಬಂದರು. ಸೆಪ್ಟೆಂಬರಿನಲ್ಲಿ ಶಾಲೆಯ ಹೊಸ ನಿಯಮ ಬಂತು: ಜುಲೈ ಮುಗಿಯುವುದರೊಳಗೆ ಇಲ್ಲಿ ಬಂದು ನೆಲೆಸಿದವರಿಗೆ ಮೊದಲು ಸೀಟು, ಉಳಿದರೆ ಬೇರೆಯವರಿಗೆ. ಪರೀಕ್ಷೆಯಲ್ಲಿ ಅವರ ಮಗಳಿಗೆ ನನಗಿಂತ ಹೆಚ್ಚು ಅಂಕ. ಸೀಟು ಮಾತ್ರ ನನಗೆ ಬಂತು, ಅವಳಿಗೆ ಬರಲಿಲ್ಲ.

ಮೇಲ್ಮನವಿಯ ವಿಚಾರಣೆಗೆ ಅಮ್ಮನೂ ಜೊತೆಗೆ ಹೋದಳು. ಜುಲೈನಲ್ಲೇ ಮನೆ ಗೊತ್ತಾಗಿದ್ದರೂ ಬರಲು ತಡವೇಕೆ ಎಂದು ಕೇಳಿದರಂತೆ. ತಿಂಗಳು ಒಳ್ಳೆಯದಿರಲಿಲ್ಲ ಎಂದು ಆಂಟಿ ಇಂಗ್ಲಿಷಿನಲ್ಲಿ ವಿವರಿಸಹೋದರು. ಮೇಜಿನಾಚೆಯ ಮೂವರು ಮುಖಮುಖ ನೋಡಿಕೊಂಡರು. ಸುಳ್ಳು ವಿಳಾಸದ ಕಥೆಗಳನ್ನು ಅವರು ಬೇಕಾದಷ್ಟು ಕೇಳಿದ್ದವರು. ಕಾಯಲು ಹೇಳಿದ್ದು ತಾನೇ ಎಂದು ಅಮ್ಮ ಬಾಯಿ ಬಿಡಲಿಲ್ಲ. ನನ್ನ ಸೀಟಿಗೆ ಎಲ್ಲಿ ಕುತ್ತು ಬರುತ್ತದೋ ಎಂಬ ಭಯ. ಆಂಟಿಯೂ ಅಮ್ಮನ ಹೆಸರೆತ್ತಲಿಲ್ಲ.

ಮೇಲ್ಮನವಿ ಬಿದ್ದುಹೋಯಿತು, ತಾಯಿ ಮಗಳು ಹೌನ್ಸ್ಲೋಗೆ ಮರಳಿದರು. ಹೊರಡುವ ದಿನ ಹೆರೆದಿಟ್ಟ ಆರು ಪೆನ್ಸಿಲ್ ನನ್ನ ಕೈಗಿತ್ತು, "ಚೆಂದ ಮಾಡಿ ಓದ್" ಎಂದರು. ಮಗಳು ನನ್ನ ಮುಖ ನೋಡಲಿಲ್ಲ.

ಆಂಟಿ ತೀರಿಕೊಂಡದ್ದು ವರ್ಷಗಳ ನಂತರ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯೊಂದರಲ್ಲಿ ಯಾರೋ ಹೇಳಿ ತಿಳಿಯಿತು. ಏಳು ವರ್ಷ ಆ ಶಾಲೆಯಲ್ಲಿ ಅವರ ಮಗಳ ಜಾಗದಲ್ಲಿ ಕೂತೆ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ... ಬಿಡುವುದೂ ಇಲ್ಲ.

ಈಗ ಮಗ ಅದೇ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಪೆನ್ಸಿಲ್ ಹೆರೆಯುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಸಿಪ್ಪೆಯನ್ನೇ ನೋಡಿದವಳು, ಆ ವಾಸನೆ ಹೋಗಲೆಂದು ಎದ್ದು ಹೋಗಿ ಕಿಟಕಿ ತೆರೆದಳು.