ಒದೆಯುವ ಬ್ರೇಕೂ ನನ್ನ ಕಾಲೂ

ಸ್ನೇಹಿತರೇ, ಇವತ್ತು ನನ್ನ ಸಹನೆ ಪೂರ್ತಿ ಮುಗಿಯಿತು.

ನಮ್ಮ ಪಿಕಪ್‌ನಲ್ಲಿ ಅರಕಲಗೂಡಿನಿಂದ ಹಾಸನದ ಮಾರುಕಟ್ಟೆಗೆ ತರಕಾರಿ ಸಾಗಿಸುವವಳು ನಾನು. ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಡಿಸ್ಕ್ ಹಾಕಿಸಿದಾಗಿನಿಂದ, ಬ್ರೇಕ್ ತುಳಿದರೆ ಸಾಕು, ಪೆಡಲ್ ಅಂಗಾಲನ್ನು ದಬದಬನೆ ಒದೆಯುತ್ತಿತ್ತು. ಬೆಳಿಗ್ಗೆ ಗೊರೂರಿನ ಹತ್ತಿರ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ, ಗಾಡಿ ನಡುಗುತ್ತಾ ಅದರ ಮೂತಿಯ ಹತ್ತಿರ ಹೋಗಿ ನಿಂತಿತು.

ಸೀದಾ ಡಿಸ್ಕ್ ಹಾಕಿಸಿದ್ದ ಗ್ಯಾರೇಜಿಗೇ ಹೋಗಿ ಹೇಳಿದೆ. ಮೆಕ್ಯಾನಿಕ್ ಉತ್ತರ ಕೊಟ್ಟಿದ್ದು ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ: "ಏನಿಲ್ಲ ಸಾ, ಎಂಗಸ್ರು ಬ್ರೇಕ್ ಮ್ಯಾಲೇ ಕಾಲಿಟ್ಕಂಡು ಓಡುಸ್ತಾರೆ, ಅದ್ಕೇ ಅಂಗಾಯ್ತದೆ."

"ಮೊದ್ಲು ಚಕ್ರ ಬಿಚ್ಚಣ್ಣ, ನನ್ ಕಾಲಿನ ವಿಚಾರ ಆಮೇಲೆ ಮಾತಾಡನ," ಅಂದೆ.

ಬಿಚ್ಚಿದ. ಡಿಸ್ಕ್ ಕೂರುವ ಜಾಗದ ತುಂಬ ತುಕ್ಕು. ಅದನ್ನು ಉಜ್ಜದೆ ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದ್ದ. ಅದು ವಾರೆಯಾಗಿ ತಿರುಗುತ್ತಿತ್ತು.

"ಇದ್ಯಾರ ಕಾಲಿನ ತುಕ್ಕು?" ಅಂತ ಕೇಳಿದೆ.

ಅವನು ಮತ್ತೆ ಯಜಮಾನರ ಕಡೆಗೇ ನೋಡಿ, "ಎಲ್ಲಾ ಕಿಲೀನ್ ಮಾಡ್ಬುಡ್ತೀನಿ ಸಾ," ಅಂದ.

ತುಕ್ಕು ಉಜ್ಜಿ, ಡಿಸ್ಕನ್ನು ನೇರವಾಗಿ ಕೂರಿಸಿ, ನಟ್ಟುಗಳನ್ನು ಸಮನಾಗಿ ಬಿಗಿ ಮಾಡಿದ. ನಾನೇ ಒಂದು ಸುತ್ತು ಓಡಿಸಿ ಬಂದೆ. ಪೆಡಲ್ ಅಲುಗದೆ ಮೆತ್ತಗೆ ಇಳಿಯಿತು. ಮೆಕ್ಯಾನಿಕ್ ನನ್ನ ಕೈಯಿಂದ ಕೀ ಇಸಕೊಂಡು ಯಜಮಾನರಿಗೆ ಕೊಟ್ಟ: "ಇನ್ ಧೈರ್ಯವಾಗ್ ಓಡ್ಸಿ ಸಾ."

ಸೈಕಲ್ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲದ ನಮ್ಮ ಯಜಮಾನರು ಗಂಭೀರವಾಗಿ "ಆಯ್ತಪ್ಪ" ಅಂದು, ಹೋಗಿ ಎಡಗಡೆ ಸೀಟಿನಲ್ಲಿ ಕೂತರು.

ಗಾಡಿಯ ಬ್ರೇಕ್ ಸರಿಹೋಯಿತು. ಹಾಸನದವರೆಗೂ ನನ್ನ ಬಾಯಿಗೆ ಮಾತ್ರ ಬ್ರೇಕ್ ಬೀಳಲಿಲ್ಲ.